ಎರಡು ಹೆಣ್ಣುಮಕ್ಕಳು, ಒಂದೂಮುಕ್ಕಾಲು ಎಕ್ರೆ

ನಮ್ಮದು ಪುತ್ತೂರು ತಾಲೂಕಿನ ಒಂದು ಮೂಲೆ. ಒಂದೂಮುಕ್ಕಾಲು ಎಕ್ರೆ ಅಡಿಕೆ ತೋಟ, ಫಲ ಕೊಡುವ ಮರ ಸುಮಾರು 950. ನಡುವೆ ಬಾಳೆ, ಮರಗಳಿಗೆ ಕಾಳುಮೆಣಸು. ಹಟ್ಟಿಯಲ್ಲಿ ಒಂದು ದನ, ಒಂದು ಕರು. ಮನೆಯಲ್ಲಿ ಅತ್ತೆ, ನಾವಿಬ್ಬರು, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮೂರನೇ ಕ್ಲಾಸು, ಸಣ್ಣವಳು ಅಂಗನವಾಡಿ.

ಕೃಷಿ ಪತ್ರಿಕೆಯಲ್ಲಿ ಸಂಸಾರದ ಕಥೆ ಎಂತಕ್ಕೆ ಎಂದು ಕೇಳುವವರಿರಬಹುದು. ಒಂದೆರಡು ಎಕ್ರೆಯವರ ಮನೆಯಲ್ಲಿ ತೋಟ ಬೇರೆ, ಸಂಸಾರ ಬೇರೆ ಎಂದು ಉಂಟಾ? ಮದ್ದು ಬಿಡುವ ದಿನ ಮಗುವಿಗೆ ಜ್ವರ ಬಂದರೆ ಮದ್ದು ನಿಲ್ಲುತ್ತದೆ. ಮದ್ದು ನಿಂತರೆ ಕೊಳೆರೋಗ. ನಂತರದ ಲೆಕ್ಕ ಎಲ್ಲರಿಗೂ ಗೊತ್ತು.

ದೊಡ್ಡವಳು ಹುಟ್ಟಿದಾಗ ಹೆಚ್ಚು ತೊಂದರೆ ಆಗಲಿಲ್ಲ. ಮಾವ ಇದ್ದರು, ಅತ್ತೆಯ ಮಂಡಿಯೂ ಗಟ್ಟಿ ಇತ್ತು. 2017ರಲ್ಲಿ ಮಾವ ತೀರಿಕೊಂಡರು. 2021ರಲ್ಲಿ ಸಣ್ಣವಳು ಹುಟ್ಟುವಾಗ ಅತ್ತೆಗೆ ಹಟ್ಟಿಯ ಮೆಟ್ಟಿಲು ಇಳಿಯುವುದೇ ಕಷ್ಟ. ಆ ವರ್ಷ ನಮ್ಮಿಬ್ಬರ ಮಧ್ಯೆ ಮಾತಿಗಿಂತ ಜಗಳವೇ ಹೆಚ್ಚು. ದೊಡ್ಡ ಜಗಳವಲ್ಲ. ಸ್ಪ್ರಿಂಕ್ಲರಿನ ಗೇಟ್‌ವಾಲ್ವ್ ಬದಲಿಸುವವರು ಯಾರು, ಅಂಗಳದ ಅಡಿಕೆ ಒಟ್ಟುವವರು ಯಾರು, ಮಗು ಅತ್ತದ್ದು ಕೇಳಲಿಲ್ಲವಾ, ಇಂಥವು. ಇಬ್ಬರೂ ಸುಸ್ತಾಗಿರುವಾಗ ಇಂಥ ಮಾತೇ ಸಾಕು.

ಮದ್ದಿನ ಕೋಣೆಗೆ ಬೀಗ

ಮೊದಲು ಮಾಡಿದ ಕೆಲಸ ಮಕ್ಕಳ ಜಾಗ್ರತೆಯದ್ದು. ಪೇಟೆಯ ಮನೆಯಲ್ಲಿ ಮಗು ಬಿದ್ದರೆ ನೆಲಕ್ಕೆ ಬೀಳುತ್ತದೆ. ನಮ್ಮಲ್ಲಿ ಹಾಗಲ್ಲ, ಕೆರೆ ಉಂಟು, ಸ್ಲರಿ ಗುಂಡಿ ಉಂಟು, ಪಂಪಿನ ಸ್ವಿಚ್ಚು ಕೈಗೆಟಕುವಲ್ಲೇ ಉಂಟು. ಮೈಲುತುತ್ತನ್ನು ನೋಡಿ, ನೀಲಿ ಬಣ್ಣದ ಕಲ್ಲುಸಕ್ಕರೆಯ ಹಾಗೆ ಹೊಳೆಯುತ್ತದೆ. ಮೂರು ವರ್ಷದ ಮಗುವಿಗೆ ಅದು ವಿಷ ಎಂದು ಹೇಗೆ ಗೊತ್ತಾಗಬೇಕು?

ಸ್ಲರಿ ಗುಂಡಿಗೆ ಹಳೇ ಅಡಿಕೆ ಮರ ಸೀಳಿ ಬೇಲಿ ಹಾಕಿದೆವು. ಸ್ವಿಚ್ ಬೋರ್ಡು ಐದು ಅಡಿ ಎತ್ತರಕ್ಕೆ ಹೋಯಿತು. ಮದ್ದಿನ ಸಾಮಾನಿಗೆ ಪಂಪ್‌ಶೆಡ್ಡಿನ ಒಂದು ಬದಿ ಗೋಡೆ ಕಟ್ಟಿ ಬಾಗಿಲು, ಬೀಗ. ಉಳಿದ ಮದ್ದನ್ನು ಜ್ಯೂಸಿನ ಬಾಟಲಿಗೆ ತುಂಬಿಸಿಡುವ ಅಭ್ಯಾಸ ಹಲವು ಮನೆಗಳಲ್ಲಿ ಉಂಟು. ನಮ್ಮಲ್ಲಿ ಅದಕ್ಕೆ ಜಾಗವಿಲ್ಲ. ಮದ್ದಿಗೆ ಬರುವ ಆಳುಗಳಿಗೂ ಮೊದಲೇ ಹೇಳಿಬಿಡುತ್ತೇವೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ ಲೆಕ್ಕದಲ್ಲಿ ಬೋರ್ಡೋ ಪಾಕ ಮಾಡುವ ದಿನ ಮಕ್ಕಳಿಬ್ಬರೂ ಅತ್ತೆಯ ಜತೆ ಒಳಗೆ. ಇದಕ್ಕೆಲ್ಲ ಖರ್ಚು ಆರು ಸಾವಿರದೊಳಗೆ ಮುಗಿಯಿತು. ಕೆರೆಗೆ ಬೇಲಿ ಮಾತ್ರ ಇನ್ನೂ ಪೂರ್ತಿ ಆಗಿಲ್ಲ, ಒಂದು ಬದಿ ಬಾಕಿ.

ಹಟ್ಟಿಯ ಲೆಕ್ಕ

ಇವರು ಲೆಕ್ಕ ಬರೆಯುವುದರಲ್ಲಿ ಚುರುಕು. ಗೊಬ್ಬರ, ಕೂಲಿ, ಡೀಸೆಲ್ ಎಲ್ಲ ಡೈರಿಯಲ್ಲಿ ಉಂಟು. 2022ರ ಜನವರಿಯಲ್ಲಿ ನಾನೂ ಒಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ಹಣ ಬರೆಯಲಿಲ್ಲ, ಗಂಟೆ ಬರೆದೆ. ಹಟ್ಟಿಗೆ ಎಷ್ಟು ಹೊತ್ತು, ಅಂಗಳಕ್ಕೆ ಎಷ್ಟು, ನೀರು ಬಿಡಲಿಕ್ಕೆ ಎಷ್ಟು. ಅಡುಗೆ, ಬಟ್ಟೆ, ಮಕ್ಕಳದ್ದು ಬರೆಯಲಿಲ್ಲ. ಬರೆದಿದ್ದರೆ ಪುಸ್ತಕ ಸಾಕಾಗುತ್ತಿರಲಿಲ್ಲ.

ಆಗ ಹಟ್ಟಿಯಲ್ಲಿ ಹಾಲು ಕೊಡುವ ದನ ಎರಡಿದ್ದವು. ಹುಲ್ಲು ತರುವುದು, ಹಟ್ಟಿ ತೊಳೆಯುವುದು, ಕರೆಯುವುದು, ಸೊಸೈಟಿಗೆ ಹಾಲು ಹಾಕುವುದು, ಎಲ್ಲ ಸೇರಿ ದಿನಕ್ಕೆ ನನ್ನ ಮೂರು ಗಂಟೆ. ನಮ್ಮಲ್ಲಿ ಹೆಣ್ಣಾಳಿಗೆ ಆಗ ಕೊಡುತ್ತಿದ್ದದ್ದು ಎಂಟು ಗಂಟೆಗೆ 450 ರೂಪಾಯಿ. ಆ ಲೆಕ್ಕದಲ್ಲಿ ಹಟ್ಟಿಯ ಕೆಲಸಕ್ಕೇ ವರ್ಷಕ್ಕೆ 61 ಸಾವಿರ ಚಿಲ್ಲರೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಸುಲಿದ ಅಡಿಕೆ 5 ಕ್ವಿಂಟಾಲ್, ಕೆಜಿಗೆ 12 ರೂಪಾಯಿಯಂತೆ 6 ಸಾವಿರ. ಅಂಗಳದ ಅಡಿಕೆ ಹರಗಿ ಒಟ್ಟಿದ್ದು, ಬೇಸಿಗೆಯಲ್ಲಿ ನೀರು ಬಿಟ್ಟದ್ದು ಸೇರಿ ಇನ್ನೊಂದು 13 ಸಾವಿರ. ಒಟ್ಟು 80 ಸಾವಿರ.

ಇವರ ಡೈರಿಯಲ್ಲಿ ದನದ ಪುಟ ಬೇರೆ. ಹಾಲಿನಿಂದ ಬಂದದ್ದು 86 ಸಾವಿರ, ಹಿಂಡಿ, ಬೈಹುಲ್ಲು, ಡಾಕ್ಟರ್ ಎಲ್ಲ ಸೇರಿ ಹೋದದ್ದು 58 ಸಾವಿರ. ಉಳಿತಾಯ 28 ಸಾವಿರ, ಮೇಲೆ ಗೊಬ್ಬರ. ಗೊಬ್ಬರಕ್ಕೆ 15 ಸಾವಿರ ಹಿಡಿದರೂ 43 ಸಾವಿರ. ಎರಡು ಪುಸ್ತಕ ಒಟ್ಟಿಗೆ ಇಟ್ಟು ನೋಡಿದರೆ ದನ ಸಾಕಿ ನಮಗೆ 18 ಸಾವಿರ ನಷ್ಟ! ಲಾಭ ಎಂದು ಕಾಣುತ್ತಿದ್ದದ್ದು ನನ್ನ ನಿದ್ದೆಯನ್ನು ಮಾರಿದ ಹಣ.

ಇವರು ಅರ್ಧ ಗಂಟೆ ಸುಮ್ಮನೆ ಕೂತರು. ಆಮೇಲೆ ಹೇಳಿದ್ದು, "ಹಾಗೆ ಲೆಕ್ಕ ಹಾಕಿದರೆ ಯಾವ ಕೃಷಿಯೂ ಮಾಡ್ಲಿಕ್ಕಾಗುವುದಿಲ್ಲ." ಅದೂ ಸುಳ್ಳಲ್ಲ. ತನ್ನ ಕೂಲಿ ಹಿಡಿದು ಲೆಕ್ಕ ಹಾಕಿದರೆ ಸಣ್ಣ ಕೃಷಿಕರಲ್ಲಿ ಎಷ್ಟು ಮಂದಿಗೆ ಉಳಿದೀತು? ಆದರೆ ಹಾಲಿಗೆ ರೇಟು ಸಾಲದು ಎಂದು ಮೀಟಿಂಗಿನಲ್ಲಿ ಮಾತಾಡುವವರು ಮನೆಯೊಳಗಿನ ಕೂಲಿ ಲೆಕ್ಕಕ್ಕೆ ಹಿಡಿಯದಿದ್ದರೆ ಆ ಮಾತಿಗೆ ತೂಕ ಎಲ್ಲಿಂದ ಬರಬೇಕು?

ನಮ್ಮ ಮನೆಯದ್ದೇ ವಿಶೇಷ ಎಂದೂ ಅಲ್ಲ. ಕೇಂದ್ರ ಸರಕಾರ 2019ರಲ್ಲಿ ದೇಶವಿಡೀ ಒಂದು ಸಮೀಕ್ಷೆ ಮಾಡಿತ್ತು, ಜನ ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಎಂದು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಮನೆಗೆಲಸಕ್ಕೆ ಕೈಹಾಕುವ ಗಂಡಸರದ್ದು ಮಾತ್ರ ಈ 97. ಕೈಹಾಕದವರು ಅದರಲ್ಲಿ ಇಲ್ಲ.

ಆ ಮಳೆಗಾಲಕ್ಕೆ ಮೊದಲು ಒಂದು ದನ ಕೊಟ್ಟೆವು. ಅತ್ತೆಗೆ ಬೇಸರವಾಯಿತು, ಮಾವ ಸಾಕಿದ ಸಂತಾನ ಅದು. ಈಗ ಮನೆಗೆ ಬೇಕಾದ ಹಾಲು ಉಂಟು, ಒಂದೆರಡು ಲೀಟರ್ ಸೊಸೈಟಿಗೆ. ನನ್ನ ಹಟ್ಟಿಯ ಕೆಲಸ ಒಂದು ಮುಕ್ಕಾಲು ಗಂಟೆಗೆ ಇಳಿಯಿತು. ಬೆಳಗ್ಗಿನ ಹಟ್ಟಿ ಇವರದ್ದು, ಸಂಜೆಯದ್ದು ನನ್ನದು. ಗಂಡಸು ದನ ಕರೆಯುವುದನ್ನು ನೋಡಿ ಹಾಲು ಹಾಕಲಿಕ್ಕೆ ಬರುವ ಒಬ್ಬರು ನಕ್ಕರಂತೆ. ನಗಲಿ. ಸಣ್ಣವಳಿಗೆ ಬೆಳಗ್ಗೆ ಅಮ್ಮ ಸಿಗುತ್ತಾಳೆ, ಅಪ್ಪನ ಕೈಯ ನೊರೆಹಾಲೂ ಸಿಗುತ್ತದೆ.

"ಇನ್ನೊಂದು ನೋಡುವುದಿಲ್ಲವಾ?"

ಎರಡನೆಯದೂ ಹೆಣ್ಣು ಎಂದಾದ ಮೇಲೆ ಮದುವೆ, ಬೊಜ್ಜ ಎಲ್ಲಿ ಹೋದರೂ ಇದೇ ಪ್ರಶ್ನೆ. ಕೇಳುವವರು ಕೆಟ್ಟವರೇನಲ್ಲ. ಪ್ರೀತಿಯಿಂದಲೇ ಕೇಳುತ್ತಾರೆ, ಅದಕ್ಕೇ ಉತ್ತರ ಕೊಡುವುದು ಕಷ್ಟ. ಒಬ್ಬರು ಗುಟ್ಟಿನಲ್ಲಿ, ಈಗೆಲ್ಲ ಮೊದಲೇ ನೋಡ್ಲಿಕ್ಕೆ ಆಗ್ತದಂತೆ, ಎಂದರು. ಹಾಗೆ ನೋಡುವುದನ್ನು ನಿಷೇಧಿಸಿದ ಕಾನೂನು 1994ರದ್ದು. ಇವರಿಗೆ ಕೋಪ ಬಂದದ್ದು ನಾನು ಕಂಡದ್ದು ಕಡಿಮೆ, ಆ ದಿನ ಬಂತು.

ಹೆಣ್ಣೋ ಗಂಡೋ ಎಂದು ತೀರ್ಮಾನವಾಗುವುದು ಗಂಡಸಿನ ಬೀಜದಿಂದ. ಹೈಸ್ಕೂಲು ವಿಜ್ಞಾನದ ಪುಸ್ತಕದಲ್ಲೇ ಇದು ಉಂಟು. ಆದರೂ ಪಾಪ ಎನ್ನುವುದು ಮಾತ್ರ ನನ್ನ ಮುಖ ನೋಡಿ.

ನಮಗೆ ಎರಡು ಸಾಕು ಎಂದು ಇಬ್ಬರೂ ಒಪ್ಪಿದ್ದೆವು. ಒಂದೂಮುಕ್ಕಾಲು ಎಕ್ರೆಯಲ್ಲಿ ಮೂರನೆಯದಕ್ಕೆ ದಾರಿಯಿಲ್ಲ, ನನ್ನ ಸೊಂಟದಲ್ಲಿ ಶಕ್ತಿಯೂ ಇಲ್ಲ. ಹಾಗಾದರೆ ಆಪರೇಶನ್ ಯಾರಿಗೆ? ಊರಿನ ರೂಢಿಯಲ್ಲಿ ಇದು ಪ್ರಶ್ನೆಯೇ ಅಲ್ಲ, ಹೆಂಗಸಿಗೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ದೇಶದಲ್ಲಿ 15ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿ ಆಪರೇಶನ್ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡ ಸಂಸಾರ ಸಾವಿರಕ್ಕೆ ಮೂರು.

ನಮ್ಮಲ್ಲಿ ಇವರೇ ಹೋದರು. ನಾನು ಒತ್ತಾಯ ಮಾಡಿದ್ದಲ್ಲ. ಆರೋಗ್ಯ ಕೇಂದ್ರದ ಸಿಸ್ಟರ್ ಮನೆಗೆ ಬಂದಾಗ ಇವರು ಎದುರೇ ಕೂತು ಕೇಳಿದರು, ಯಾವುದು ಸುಲಭ ಎಂದು. ಹೆಂಗಸಿಗಾದರೆ ಹೊಟ್ಟೆಯೊಳಗಿನ ಕೆಲಸ. ಗಂಡಸಿಗೆ ಹೊರಗಿನದ್ದು, ಹೊಲಿಗೆಯೂ ಬೇಕಾಗದ ಕ್ರಮ ಈಗ ಉಂಟು, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯೊಳಗೆ ಮುಗಿಯುತ್ತದೆ ಎಂದರು. ಅತ್ತೆಯ ಹೆದರಿಕೆ ಬೇರೆ, "ದುಡಿಯುವ ಗಂಡಸು, ನಾಳೆ ಮರ ಹತ್ತಲಿಕ್ಕೆ, ಗೋಣಿ ಎತ್ತಲಿಕ್ಕೆ ಆಗದಿದ್ದರೆ?" ಡಾಕ್ಟರ್ ಹೇಳಿದ ಪ್ರಕಾರ ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತಲಿಕ್ಕಿಲ್ಲ. ಶಕ್ತಿಗೂ ಗಂಡಸುತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಎರಡನೇ ಮದ್ದು ಮುಗಿದು ಗೊನೆ ತೆಗೆಯಲು ಶುರುವಾಗುವುದಕ್ಕೆ ಮೊದಲು ನಮ್ಮಲ್ಲಿ ಸ್ವಲ್ಪ ಬಿಡುವು. ಆ ದಿನಗಳಲ್ಲೇ ಮಾಡಿಸಿದ್ದು. ಒಂದು ವಿಷಯ ಮಾತ್ರ ಹೇಳಲೇಬೇಕು, ಕೆಲವರಿಗೆ ಇದು ಗೊತ್ತಿಲ್ಲ. ಆಪರೇಶನ್ ಆದ ಕೂಡಲೇ ಅದು ಫಲ ಕೊಡುವುದಿಲ್ಲ. ಮೂರು ತಿಂಗಳು ಬೇರೆ ಜಾಗ್ರತೆ ಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಪರೀಕ್ಷೆಗೆ ಹೋಗಲು ಇವರು ನಾಲ್ಕು ಸಲ ನಾಳೆ ನಾಳೆ ಎಂದರು, ಐದನೇ ಸಲ ಹೋದರು.

ಪಾಲುಪಟ್ಟಿ

ಆಪರೇಶನ್ ಸುದ್ದಿ ಭಾವನ ಮನೆಗೆ ತಲುಪಿತು. ಭಾವ ಒಳ್ಳೆಯವರು, ನಮ್ಮ ಪಂಪು ಕೆಟ್ಟರೆ ರಾತ್ರಿ ಹತ್ತಕ್ಕೂ ಬರುತ್ತಾರೆ. ಒಂದು ದಿನ ಊಟಕ್ಕೆ ಕೂತಾಗ ಸಹಜವಾಗಿ ಹೇಳಿದರು, "ಇನ್ನು ಪಾಲು ಮಾಡುವ ಗಡಿಬಿಡಿ ಇಲ್ಲವಲ್ಲ. ಹೇಗೂ ಕೊನೆಗೆ ನಮ್ಮ ಹುಡುಗನೇ ನೋಡಿಕೊಳ್ಳಬೇಕಾದ್ದು."

ಅನ್ನ ಗಂಟಲಲ್ಲಿ ನಿಂತಿತು. ಇವರೂ ಏನೂ ಹೇಳಲಿಲ್ಲ.

ಪಹಣಿ ಇನ್ನೂ ಮಾವನ ಹೆಸರಿನಲ್ಲೇ ಇತ್ತು. ನಮ್ಮ ಜಿಲ್ಲೆಯಲ್ಲಿ ಇಂಥ ಮನೆಗಳು ಎಷ್ಟೋ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಗಡಿ ಹಾಕಿಕೊಂಡು ದುಡಿಯುತ್ತಾರೆ, ಕಾಗದ ಹಾಗೇ ಉಳಿಯುತ್ತದೆ. ಮಕ್ಕಳು ಸಣ್ಣವರಿರುವಾಗ ಗಂಡನಿಗೆ ಏನಾದರೂ ಆದರೆ ಹೆಂಡತಿ ಆ ಬಾಯಿಮಾತನ್ನು ಯಾರ ಹತ್ತಿರ ತೋರಿಸಬೇಕು?

ವಕೀಲರಲ್ಲಿಗೆ ಇಬ್ಬರೂ ಹೋದೆವು. ತಿಳಿದದ್ದು ಇಷ್ಟು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ಆದರೆ ಅದಕ್ಕಿಂತ ಮೊದಲು ಮದುವೆಯಾದವರನ್ನು ಬಿಟ್ಟು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವಳು, ಆಗದವಳು ಎಂಬ ಭೇದ ಹೋಯಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟ ಮಾಡಿತು, ಈ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ಅಪ್ಪ ಬದುಕಿರಬೇಕು ಎಂದೂ ಇಲ್ಲ. ಇನ್ನು ಸ್ವಂತ ಆಸ್ತಿಯ ವಿಷಯ. ಗಂಡ ವಿಲ್ ಬರೆಯದೆ ತೀರಿಕೊಂಡರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲ ಸಾಲಿನಲ್ಲಿ ಬರುವವರು ಹೆಂಡತಿ, ಮಕ್ಕಳು, ತಾಯಿ. ಅಣ್ಣತಮ್ಮಂದಿರು ಆ ಸಾಲಿನಲ್ಲಿ ಇಲ್ಲ, ಅವರ ಮಕ್ಕಳೂ ಇಲ್ಲ.

ನನಗೆ ಅರ್ಧ ಉಸಿರು ಬಂತು. ಆಗಲೇ ವಕೀಲರು ಕೇಳಿದರು, "ನಿಮ್ಮ ಯಜಮಾನರಿಗೆ ತಂಗಿ ಇದ್ದಾರಾ?"

ಇದ್ದಾರೆ. 2003ರಲ್ಲಿ ಮದುವೆಯಾಗಿ ಬಂಟ್ವಾಳದ ಕಡೆ ಇರುವುದು. ನನ್ನ ಮಕ್ಕಳಿಗೆ ಹಕ್ಕು ಕೊಡುವ ಅದೇ ಕಾನೂನು ನಾದಿನಿಗೂ ಕೊಡುತ್ತದೆ. ಮನೆಗೆ ಬರುವ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ತೋಟ ಒಟ್ಟು ನಾಲ್ಕು ಎಕ್ರೆ 30 ಸೆಂಟ್ಸ್. ಇಬ್ಬರು ಗಂಡುಮಕ್ಕಳಿಗೆ ಮಾತ್ರ ಎಂದರೆ ನಮಗೆ ಎರಡು ಎಕ್ರೆ 15 ಸೆಂಟ್ಸ್. ಮೂರು ಪಾಲು ಎಂದರೆ ಒಂದು ಎಕ್ರೆ 43. ಊರಿನ ಕ್ರಮದಲ್ಲಿ ತಂಗಿಯನ್ನು ಕರೆದು ಊಟ ಹಾಕಿ, ಸೀರೆ ಕೊಟ್ಟು, ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿಸುವುದು. ಭಾವ ಹೇಳಿದ್ದೂ ಅದನ್ನೇ. ಇವರು ಎರಡು ವಾರ ಈ ವಿಷಯ ಎತ್ತಲಿಲ್ಲ. ಸೊಸೈಟಿಯಲ್ಲಿ ಬೆಳೆ ಸಾಲ ಉಂಟು, ಇಬ್ಬರು ಮಕ್ಕಳ ಓದು ಉಂಟು, ಅವರ ಹೆದರಿಕೆ ನನಗೂ ಗೊತ್ತು. ನನಗೂ ಹೊಟ್ಟೆ ಚುರುಕ್ ಎಂದಿತ್ತು, ಇಲ್ಲ ಎನ್ನುವುದಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳಿಗೆ ಬೇಕು, ಅಪ್ಪನ ಮನೆಯ ಹೆಣ್ಣುಮಗಳಿಗೆ ಬೇಡ ಎಂದು ಹೇಳುವುದು ಯಾವ ಬಾಯಿಯಿಂದ? ಒಂದು ರಾತ್ರಿ ಇದನ್ನೇ ಕೇಳಿದೆ. "ನಾಳೆ ದೊಡ್ಡವಳು ಕೇಳಿದರೆ ನೀವು ಎಂತ ಹೇಳ್ತೀರಿ?" ಇವರು ದೀಪ ಆರಿಸಿದರು. ಬೆಳಗ್ಗೆ ಹಟ್ಟಿಯಿಂದಲೇ ತಂಗಿಗೆ ಫೋನ್ ಮಾಡಿದರು.

ನಾದಿನಿ ಬಂದವಳು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿ ಉಂಟು. "ಅತ್ತಿಗೆ, ಜಾಗದ ಆಸೆಗಿಂತ, ಇಷ್ಟು ವರ್ಷ ಯಾರೂ ಒಂದು ಮಾತು ಕೇಳಲಿಲ್ಲ ಎಂಬುದೇ ನನಗೆ ಬೇಸರ." ಪೂರ್ತಿ ಪಾಲು ಅವಳು ಕೇಳಲಿಲ್ಲ. ಒಬ್ಬೊಬ್ಬ ಅಣ್ಣನಿಂದ 40 ಸೆಂಟ್ಸ್ ಸಾಕು ಎಂದಳು. ಭಾವ ಜಾಗ ಬಿಡಲು ಒಪ್ಪಲಿಲ್ಲ, ಬದಲಿಗೆ ಹಣ ಕೊಟ್ಟರು. ನಾವು ತೋಡಿನ ಬದಿಯ 40 ಸೆಂಟ್ಸ್ ಕೊಟ್ಟೆವು, 220 ಮರ. ನಮ್ಮ ಫಸಲಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಮೂರು ಕ್ವಿಂಟಾಲ್ ಚಾಲಿ. ಕಡಿಮೆ ಏನಲ್ಲ. ಆ ತುಂಡನ್ನೂ ನಾವೇ ನೋಡಿಕೊಳ್ಳುವುದು, ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅವಳಿಗೆ ಎಂದು ಕಾಗದ ಮಾಡಿಕೊಂಡಿದ್ದೇವೆ.

ಇದರಲ್ಲಿ ಹೊಸತು ಏನೂ ಇಲ್ಲ ಎಂದು ನಮ್ಮ ಬೇಲಿಯಾಚೆಯ ಅಜ್ಜಿ ನಗುತ್ತಾರೆ. ಅವರದ್ದು ಅಳಿಯಸಂತಾನದ ಮನೆ. ಅಲ್ಲಿ ಆಸ್ತಿ ಇಳಿದು ಬಂದದ್ದೇ ತಾಯಿಯ ಕಡೆಯಿಂದ. ಯಜಮಾನಿಕೆ ಹೆಚ್ಚಾಗಿ ಮಾವಂದಿರದ್ದೇ ಇತ್ತು, ಅದು ಬೇರೆ ಮಾತು. ಹೆಣ್ಣುಮಕ್ಕಳಿದ್ದರೆ ತೋಟ ಹಾಳು ಎನ್ನುವವರು ಅವರ ತೋಟವನ್ನೊಮ್ಮೆ ನೋಡಿ ಬರಬೇಕು.

ಒಪ್ಪಿಗೆ ಆಗದ್ದು

ಮಕ್ಕಳಿಬ್ಬರ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಉಂಟು. 2015ರಲ್ಲಿ ಶುರುವಾದ ಯೋಜನೆ. ಮಗಳಿಗೆ ಹತ್ತು ವರ್ಷ ತುಂಬುವ ಮೊದಲು ಖಾತೆ ತೆರೆಯಬೇಕು, ವರ್ಷಕ್ಕೆ ಕನಿಷ್ಠ 250 ರೂಪಾಯಿ, 15 ವರ್ಷ ಕಟ್ಟಬೇಕು, ಖಾತೆ ತೆರೆದು 21 ವರ್ಷಕ್ಕೆ ಪೂರ್ತಿ ಹಣ. ಓದಿಗೆ ಬೇಕಾದರೆ 18 ತುಂಬಿದ ಮೇಲೆ ಅಥವಾ ಹತ್ತನೇ ಕ್ಲಾಸು ಪಾಸಾದ ಮೇಲೆ ಅರ್ಧದವರೆಗೆ ತೆಗೆಯಬಹುದು. ನಾವು ಕಾಳುಮೆಣಸು ಮಾರಿದ ದಿನವೇ ಕಟ್ಟಿಬಿಡುತ್ತೇವೆ. ಕೈಯಲ್ಲಿ ಇಟ್ಟರೆ ಅದು ಗೊಬ್ಬರದ ಅಂಗಡಿಗೆ ಹೋಗುತ್ತದೆ.

ಈ ಹಣ ಮದುವೆಗೆ ಎಂದು ಅತ್ತೆ, ಓದಿಗೆ ಎಂದು ನಾನು. ಇವರು ಎರಡಕ್ಕೂ ತಲೆಯಾಡಿಸುತ್ತಾರೆ. ಶಾಲೆಯ ವಿಷಯದಲ್ಲಂತೂ ನಮ್ಮಿಬ್ಬರ ಮಾತು ಇನ್ನೂ ಕೂಡಿ ಬಂದಿಲ್ಲ. ದೊಡ್ಡವಳು ಹೋಗುವುದು ಒಂದೂವರೆ ಕಿಲೋಮೀಟರ್ ದೂರದ ಸರಕಾರಿ ಕನ್ನಡ ಶಾಲೆಗೆ. ಪೇಟೆಯ ಇಂಗ್ಲಿಷ್ ಶಾಲೆಯ ವ್ಯಾನು ಬೆಳಗ್ಗೆ ಏಳೂಕಾಲಿಗೆ ನಮ್ಮ ರಸ್ತೆಯಲ್ಲೇ ಹೋಗುತ್ತದೆ. ಇವರಿಗೆ ಆ ವ್ಯಾನಿನ ಮೇಲೆ ಕಣ್ಣು. ಫೀಸಿಗೆ ಎರಡು ಕ್ವಿಂಟಾಲ್ ಅಡಿಕೆ ತೆಗೆದಿಟ್ಟರಾಯಿತು ಎನ್ನುತ್ತಾರೆ. ಸಂಜೆ ಐದೂವರೆಗೆ ಬರುವ ಮಗು ತೋಟವನ್ನು ಹಗಲು ಹೊತ್ತಿನಲ್ಲಿ ನೋಡುವುದು ಯಾವಾಗ ಎಂಬುದು ನನ್ನ ಪ್ರಶ್ನೆ. ಈಗ ಅವಳಿಗೆ ಮಂಗಳ ತಳಿ, ಊರಿನ ತಳಿ ಎಂದು ಮರ ನೋಡಿಯೇ ಗೊತ್ತಾಗುತ್ತದೆ. ಮುಂದೆ ಕೃಷಿ ಮಾಡುತ್ತಾಳೋ ಇಲ್ಲವೋ, ಅದು ಅವಳ ಇಷ್ಟ. ಮಾಡಬೇಕೆಂದರೆ ಕೆಲಸವೂ ಗೊತ್ತಿರಬೇಕು, ಜಾಗವೂ ಇರಬೇಕಲ್ಲ.

ಪಾಲುಪಟ್ಟಿ ಮಾಡಿಸುವ ಯೋಚನೆಯಲ್ಲಿ ಇರುವವರಿಗೆ ಒಂದೆರಡು ಮಾತು. ಸರ್ವೆ ನಂಬರನ್ನು ಒಡೆಯುವುದಾದರೆ 11ಇ ನಕ್ಷೆ ಮೊದಲೇ ಬೇಕು, ಅದು ಇಲ್ಲದೆ ನೋಂದಣಿಗೆ ಹೋಗಿ ಪ್ರಯೋಜನವಿಲ್ಲ. ನಮಗೆ ಅಳತೆಯವರು ಬರಲಿಕ್ಕೆ ಏಳು ತಿಂಗಳು ಹಿಡಿಯಿತು. ಅಳತೆಯ ದಿನ ಪಕ್ಕದ ಜಾಗದವರು, ಮನೆಯ ಹೆಣ್ಣುಮಕ್ಕಳು ಎಲ್ಲ ಎದುರಿದ್ದರೆ ಗಡಿಕಲ್ಲಿನ ತಕರಾರು ಅಲ್ಲೇ ತೀರುತ್ತದೆ. ಪತ್ರದಲ್ಲಿ ಇವರ ಹೆಸರಿನ ಜತೆ ಮಕ್ಕಳಿಬ್ಬರ ಹೆಸರನ್ನೂ ಬರೆಸಿದೆವು. 2024ರಲ್ಲಿ ನೋಂದಣಿ ಆಯಿತು. ಆದ ಮೇಲೆ ಹೊಸ ಪಹಣಿ ತೆಗೆದು ಅಕ್ಷರ ಅಕ್ಷರ ಓದಿ ನೋಡಿ. ನಮ್ಮದರಲ್ಲಿ ಸಣ್ಣವಳ ಹೆಸರಿನ ಒಂದು ಅಕ್ಷರ ತಪ್ಪಿ ಬಂದಿತ್ತು. ಅದನ್ನು ತಿದ್ದಿಸಲಿಕ್ಕೆ ಮತ್ತೆ ಎರಡು ತಿಂಗಳು.